ಆಡಿದವರು ಆಡಿಸುವವರಾಗಬೇಕು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ಕ್ರೀಡೆ ಮತ್ತು ಹೆಣ್ಣುಮಕ್ಕಳು’. ಇಪ್ಪತ್ತು ನಿಮಿಷದಲ್ಲಿ ಇಷ್ಟು ದೊಡ್ಡ ವಿಷಯವನ್ನು ಹಿಡಿದು ಮುಗಿಸುವುದು ನನ್ನಿಂದಾಗುವ ಕೆಲಸವಲ್ಲ. ನಾನು ಕಾರವಾರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ದೈಹಿಕ ಶಿಕ್ಷಕಿ. ಮಕ್ಕಳ ಬಾಯಲ್ಲಿ ‘ಪಿ.ಟಿ. ಅಕ್ಕೋರು’. ಭಾಷಣಕ್ಕಿಂತ ಸೀಟಿ ಊದಿ ಅಭ್ಯಾಸವಾದವಳು. ಹಾಗಾಗಿ ಒಂದೇ ಆಟವನ್ನು, ಮುಖ್ಯವಾಗಿ ಒಬ್ಬ ಆಟಗಾರ್ತಿಯನ್ನು ಮುಂದಿಟ್ಟುಕೊಂಡು ನಾಲ್ಕು ಮಾತು ಹೇಳುತ್ತೇನೆ. ಆಟ ಫುಟ್‌ಬಾಲ್. ಆಟಗಾರ್ತಿ ಮೇಮೋಲ್ ರಾಕಿ.

ಈ ಹೆಸರು ಕೇಳಿದವರು ಕೈ ಎತ್ತಿ ಎಂದರೆ ಇಷ್ಟು ದೊಡ್ಡ ಸಭೆಯಲ್ಲಿ ಎದ್ದದ್ದು ಮೂರು ಕೈ. ಬೇಸರವಿಲ್ಲ. ಅವರು ದೂರದವರೇನೂ ಅಲ್ಲ. ಕಾಳಿ ನದಿ ದಾಟಿ, ಸದಾಶಿವಗಡ ಹಿಂದೆ ಹಾಕಿ, ಮಾಜಾಳಿಯ ಗಡಿ ಕಳೆದರೆ ಬರುವ ಗೋವೆಯವರು. ನಮ್ಮ ಮನೆಗಳಲ್ಲಿ ಕೆಲಸ ಹುಡುಕಲು ಗೋವೆಗೆ ಹೋಗುತ್ತಾರೆ, ಆಸ್ಪತ್ರೆಗೆ ಹೋಗುತ್ತಾರೆ, ಹೆಣ್ಣು ಕೊಟ್ಟು ತರುತ್ತಾರೆ. ಆದರೆ ಅದೇ ಗೋವೆಯ ಒಬ್ಬ ಹೆಣ್ಣುಮಗಳು ಭಾರತದ ಮಹಿಳಾ ಫುಟ್‌ಬಾಲ್ ತಂಡದ ಮುಖ್ಯ ತರಬೇತುದಾರರಾಗಿದ್ದರು, ಹಿರಿಯರ ತಂಡಕ್ಕೆ ಆ ಸ್ಥಾನದಲ್ಲಿ ಕುಳಿತ ಮೊದಲ ಮಹಿಳೆ ಅವರೇ ಎಂಬ ಸುದ್ದಿ ಸೇತುವೆ ದಾಟಿ ನಮ್ಮ ತನಕ ಬರಲಿಲ್ಲ.

ಅವರ ಕತೆಗೆ ಹೋಗುವ ಮೊದಲು ಒಂದು ಇಸವಿ ನೆನಪಿಟ್ಟುಕೊಳ್ಳಿ: 1975. ನಮ್ಮ ಶಾಲೆಯ ಹುಟ್ಟಿದ ವರ್ಷ. ಭಾರತದಲ್ಲಿ ಮಹಿಳಾ ಫುಟ್‌ಬಾಲ್ ಒಕ್ಕೂಟ ಹುಟ್ಟಿದ್ದೂ, ಹೆಣ್ಣುಮಕ್ಕಳ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆದದ್ದೂ ಅದೇ ವರ್ಷ. ಅಂದರೆ ನಮ್ಮ ಶಾಲೆಗೂ ನಮ್ಮ ದೇಶದ ಹೆಣ್ಣುಮಕ್ಕಳ ಫುಟ್‌ಬಾಲಿಗೂ ಒಂದೇ ವಯಸ್ಸು. ಇಬ್ಬರದೂ ಸುವರ್ಣ ಮಹೋತ್ಸವವೇ. ನಾವು ಪೆಂಡಾಲು ಹಾಕಿದ್ದೇವೆ. ಅವರಿಗೆ ಹಾಕಿದವರು ಕಡಿಮೆ.

ಶುರುವಾತು ಬಹಳ ಚೆನ್ನಾಗಿತ್ತು. 1980ರಲ್ಲಿ ಕಲ್ಲಿಕೋಟೆಯಲ್ಲಿ ಏಷ್ಯದ ಮಹಿಳಾ ಚಾಂಪಿಯನ್‌ಶಿಪ್ ನಡೆಯಿತು. ಭಾರತ ಫೈನಲ್ ತಲುಪಿ ಎರಡನೆಯ ಸ್ಥಾನ ಪಡೆಯಿತು. 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೆ ಫೈನಲ್, ಮತ್ತೆ ಎರಡನೆಯ ಸ್ಥಾನ. ಅದೇ ವರ್ಷ ಬಂಗಾಲದ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಆಮೇಲೆ ಏನಾಯಿತು? 2009ರ ಹೊತ್ತಿಗೆ ಪಂದ್ಯಗಳೇ ಇಲ್ಲದೆ ಭಾರತದ ಮಹಿಳಾ ತಂಡದ ಹೆಸರು ಫಿಫಾ ಶ್ರೇಯಾಂಕದ ಪಟ್ಟಿಯಿಂದಲೇ ಬಿದ್ದುಹೋಯಿತು. ಏಷ್ಯದಲ್ಲಿ ಎರಡನೆಯವರಾಗಿದ್ದವರು ಪಟ್ಟಿಯಲ್ಲೇ ಇಲ್ಲ!

ಇದಕ್ಕೆ ಕಾರಣ ಹಲವು. ನನ್ನ ಅನುಭವಕ್ಕೆ ತೋರುವ ಒಂದು ಕಾರಣ ಹೇಳುತ್ತೇನೆ. ಆಡಿದವರು ಆಡಿ ಮುಗಿಸಿ ಮನೆಗೆ ಹೋದರು. ಅವರ ಕಾಲಿನಲ್ಲಿದ್ದ ವಿದ್ಯೆ ಅವರ ಜೊತೆಗೇ ಹೋಯಿತು. ಫುಟ್‌ಬಾಲ್ ಆಟಗಾರ್ತಿಯ ಆಯುಷ್ಯ ಮೂವತ್ತು, ಹೆಚ್ಚೆಂದರೆ ಮೂವತ್ತೈದು. ಆಮೇಲೆ ಆಕೆ ಸೀಟಿ ಹಿಡಿದು ಮೈದಾನದ ಅಂಚಿನಲ್ಲಿ ನಿಂತರೆ ಮಾತ್ರ ಆಟ ಮುಂದಿನ ತಲೆಮಾರಿಗೆ ದಾಟುತ್ತದೆ. ನಮ್ಮ ಯಕ್ಷಗಾನದಲ್ಲಿ ನೋಡಿ, ವೇಷ ಬಿಟ್ಟ ಹಿರಿಯರು ಮಕ್ಕಳಿಗೆ ಹೆಜ್ಜೆ ಹೇಳಿಕೊಡದಿದ್ದರೆ ಮೇಳ ಎಷ್ಟು ದಿನ ನಿಂತೀತು?

ಇಲ್ಲಿ ಮೇಮೋಲ್ ರಾಕಿಯವರು ಮುಖ್ಯವಾಗುತ್ತಾರೆ. ಅವರು ಗೋವೆಯ ಪರವಾಗಿ ಆಡಿದರು, ಭಾರತದ ಪರವಾಗಿ ಆಡಿದರು. ಆಟ ಮುಗಿಯಿತೆಂದು ಮೈದಾನ ಬಿಡಲಿಲ್ಲ. ತರಬೇತಿಯ ಪರೀಕ್ಷೆಗಳನ್ನು ಪಾಸು ಮಾಡಿ ಆಡಿಸುವ ಕಡೆಗೆ ಬಂದರು. ಮೊದಲು ರಾಷ್ಟ್ರೀಯ ತಂಡದಲ್ಲಿ ಸಹಾಯಕ ತರಬೇತುದಾರರಾಗಿದ್ದು, 2017ರಲ್ಲಿ ಮುಖ್ಯ ತರಬೇತುದಾರರಾದರು.

ಅವರ ಕಾಲದ ಲೆಕ್ಕ ನೋಡಿ. 2018ರ ನವೆಂಬರಿನಲ್ಲಿ ಒಲಿಂಪಿಕ್ ಅರ್ಹತೆಯ ಮೊದಲ ಸುತ್ತಿನಲ್ಲಿ ಭಾರತ ನೇಪಾಳದೊಂದಿಗೆ 1-1 ಸಮ ಮಾಡಿಕೊಂಡು, ಬಾಂಗ್ಲಾದೇಶವನ್ನು 7-1ರಿಂದ ಸೋಲಿಸಿ, ಇತಿಹಾಸದಲ್ಲಿ ಮೊದಲ ಬಾರಿಗೆ ಎರಡನೆಯ ಸುತ್ತು ಮುಟ್ಟಿತು. 2019ರ ಮಾರ್ಚಿನಲ್ಲಿ ನೇಪಾಳದ ವಿರಾಟನಗರದಲ್ಲಿ ನಡೆದ ಸ್ಯಾಫ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಆತಿಥೇಯ ನೇಪಾಳವನ್ನೇ 3-1ರಿಂದ ಸೋಲಿಸಿ, ದಕ್ಷಿಣ ಏಷ್ಯದ ಕಿರೀಟವನ್ನು ಸತತ ಐದನೆಯ ಬಾರಿ ಗೆದ್ದಿತು. ಮುಂದಿನ ತಿಂಗಳೇ ಮ್ಯಾನ್ಮಾರ್‌ನಲ್ಲಿ ಒಲಿಂಪಿಕ್ ಅರ್ಹತೆಯ ಎರಡನೆಯ ಸುತ್ತು. ಇಂಡೊನೇಷ್ಯದ ಮೇಲೆ 2-0, ನೇಪಾಳದ ಮೇಲೆ 3-1. ಕೊನೆಯ ಪಂದ್ಯ ಮ್ಯಾನ್ಮಾರ್ ಮೇಲೆ, ಅವರದೇ ನೆಲದಲ್ಲಿ. ಪಂದ್ಯ 3-3ರಲ್ಲಿ ಮುಗಿಯಿತು. ಎರಡೂ ತಂಡಕ್ಕೆ ಏಳೇಳು ಅಂಕ. ಗೋಲುಗಳ ವ್ಯತ್ಯಾಸದಲ್ಲಿ ಮ್ಯಾನ್ಮಾರ್ ಮುಂದೆ ಹೋಯಿತು, ನಮ್ಮವರು ಮನೆಗೆ ಬಂದರು. ಒಂದು ಪಂದ್ಯವನ್ನೂ ಸೋಲದೆ ಹೊರಗೆ ಬೀಳುವುದು ಎಂದರೆ ಏನೆಂದು ಆ ಹುಡುಗಿಯರಿಗೆ ಗೊತ್ತು, ಬೆಂಚಿನಲ್ಲಿ ಕುಳಿತ ಆ ತರಬೇತುದಾರರಿಗೆ ಇನ್ನೂ ಹೆಚ್ಚು ಗೊತ್ತು.

ಆ ವರ್ಷದ ಡಿಸೆಂಬರಿನಲ್ಲಿ ಪೋಖರಾದಲ್ಲಿ ಮತ್ತೆ ನೇಪಾಳವನ್ನು 2-0ರಿಂದ ಸೋಲಿಸಿ ದಕ್ಷಿಣ ಏಷ್ಯಾ ಕ್ರೀಡಾಕೂಟದ ಚಿನ್ನ ತಂದರು. ಆಮೇಲೆ ಕೊರೊನಾ. ಒಂದು ವರ್ಷಕ್ಕೂ ಹೆಚ್ಚು ಕಾಲ ತಂಡಕ್ಕೆ ಒಂದೂ ಪಂದ್ಯ ಸಿಗಲಿಲ್ಲ. 2021ರ ಫೆಬ್ರವರಿಯಲ್ಲಿ ಟರ್ಕಿಗೆ ಹೋಗಿ ಆಡಿದಾಗ ರಷ್ಯಾ ಎದುರು 0-8ರ ಸೋಲು. ಅದೇ ವರ್ಷ ವೈಯಕ್ತಿಕ ಕಾರಣ ಹೇಳಿ ಮೇಮೋಲ್ ರಾಜೀನಾಮೆ ಕೊಟ್ಟರು. ಗೆಲುವು ಸೋಲು ಎರಡನ್ನೂ ಹೇಳುವುದಕ್ಕೆ ಕಾರಣವಿದೆ. ಗೆದ್ದಾಗ ಹಾರ ಆಟಗಾರ್ತಿಯ ಕೊರಳಿಗೆ, ಸೋತಾಗ ಮಾತು ಆಡಿಸುವವರ ತಲೆಗೆ. ಇದು ಗೊತ್ತಿದ್ದೂ ಆ ಕೆಲಸಕ್ಕೆ ನಿಲ್ಲುವವರು ಬೇಕು.

ಅವರೊಬ್ಬರೇ ಅಲ್ಲ, ಬಾಗಿಲು ತೆರೆದ ಮೇಲೆ ಇನ್ನೂ ಕೆಲವರು ಬಂದರು. ಕೇರಳದ ಪ್ರಿಯಾ ಪಿ.ವಿ. ತರಬೇತುದಾರರಾಗಿದ್ದಾಗ 2020ರಲ್ಲಿ ಗೋಕುಲಂ ಕೇರಳ ತಂಡ ಭಾರತೀಯ ಮಹಿಳಾ ಲೀಗ್ ಗೆದ್ದಿತು. ಮಣಿಪುರದ ಲಂಗಮ್ ಚಾವೋಬಾ ದೇವಿ ಭಾರತಕ್ಕೆ ಆಡಿ, ಆಮೇಲೆ ಆಡಿಸಲು ಬಂದು, 2024ರಲ್ಲಿ ಹಿರಿಯರ ತಂಡದ ಮುಖ್ಯ ತರಬೇತುದಾರರಾದರು. ಕಳೆದ 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಭಾರತ ಥಾಯ್ಲೆಂಡ್ ತಂಡವನ್ನು 2-1ರಿಂದ ಸೋಲಿಸಿ 2026ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ಅರ್ಹತಾ ಸುತ್ತು ಗೆದ್ದು ಆ ಜಾಗ ಪಡೆದದ್ದು ಇದೇ ಮೊದಲು. ಕಡಿದ ಎಳೆ ಮತ್ತೆ ಕೂಡುತ್ತಿದೆ.

ಮಣಿಪುರದ ಹೆಸರು ಬಂದಾಗ ನಮ್ಮ ಅಂಕೋಲೆಗೆ ಸಂಬಂಧಪಟ್ಟ ಒಂದು ಸಂಗತಿ ಹೇಳಲೇಬೇಕು. 2020ರ ಪದ್ಮಶ್ರೀ ಪಟ್ಟಿಯಲ್ಲಿ ನಮ್ಮ ಹೊನ್ನಳ್ಳಿಯ ತುಳಸಿ ಗೌಡರ ಹೆಸರಿತ್ತು. ಅದು ನಿಮಗೆಲ್ಲ ಗೊತ್ತು. ಅದೇ ಪಟ್ಟಿಯಲ್ಲಿ ಓಯಿನಂ ಬೆಂಬೆಂ ದೇವಿ ಎಂಬ ಇನ್ನೊಂದು ಹೆಸರೂ ಇತ್ತು. ಇಂಫಾಲದ ಹುಡುಗಿ, ಭಾರತ ತಂಡದ ನಾಯಕಿ. ಚಿಕ್ಕವಳಿದ್ದಾಗ ಗಂಡುಮಕ್ಕಳ ಜೊತೆ ಆಡಲು ಬಿಡಲಿ ಎಂದು ಹುಡುಗರ ಹೆಸರು ಹೇಳಿಕೊಂಡು ಮೈದಾನಕ್ಕೆ ಇಳಿಯುತ್ತಿದ್ದೆ ಎಂದು ಅವರೇ ಹೇಳಿದ್ದಾರೆ. ಹದಿನೈದನೆಯ ವಯಸ್ಸಿಗೆ ಭಾರತಕ್ಕೆ ಆಡಿದರು. 2016ರಲ್ಲಿ ಶಿಲ್ಲಾಂಗ್‌ನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟದ ಚಿನ್ನ ಗೆದ್ದು ಅಂತರರಾಷ್ಟ್ರೀಯ ಆಟದಿಂದ ಹಿಂದೆ ಸರಿದರು, ಮೈದಾನದಿಂದ ಸರಿಯಲಿಲ್ಲ. ಎಳೆಯರನ್ನು ತಯಾರು ಮಾಡುವ ಕಡೆಗೆ ಹೊರಳಿದರು.

ನಮ್ಮ ತುಳಸಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸ್ಯಪಾಲನೆಯಲ್ಲಿ ಬೀಜ ಆರಿಸಿ, ಸಸಿ ಮಾಡಿ, ಮಳೆಗಾಲಕ್ಕೆ ಕಾದು ನೆಟ್ಟವರು. ಯಾವ ಮರದ ಬೀಜ ಒಳ್ಳೆಯದು, ಯಾವ ಹೊತ್ತಿಗೆ ಆರಿಸಬೇಕು ಎನ್ನುವುದು ಅವರ ಬೆರಳಿಗೆ ಗೊತ್ತಿತ್ತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು, ಮರಗಳು ನಿಂತಿವೆ. ತರಬೇತುದಾರರ ಕೆಲಸವೂ ಸಸ್ಯಪಾಲನೆಯ ಕೆಲಸವೇ. ಹೂವು ಬಿಡುವ ಹೊತ್ತಿಗೆ ನೀರು ಹೊಯ್ದವರ ಹೆಸರು ಯಾರಿಗೂ ನೆನಪಿರುವುದಿಲ್ಲ.

ಆಡಿದವರೆಲ್ಲ ಆಡಿಸಬಲ್ಲರು ಎಂದು ತಿಳಿಯಬೇಡಿ. ಅದು ಬೇರೆಯೇ ವಿದ್ಯೆ. ಅದಕ್ಕೆ ಮೆಟ್ಟಿಲುಗಳಿವೆ. ಕೆಳಗಿನ ಮೆಟ್ಟಿಲು ಡಿ ಲೈಸೆನ್ಸ್, ಆಮೇಲೆ ಸಿ, ಬಿ, ಎ, ತುದಿಯಲ್ಲಿ ಪ್ರೊ. ಒಂದೊಂದಕ್ಕೂ ತರಗತಿ, ಪರೀಕ್ಷೆ, ಖರ್ಚು. ಹನ್ನೆರಡು ವರ್ಷದ ಹುಡುಗಿಗೆ ದೊಡ್ಡವರ 5ನೇ ಅಳತೆಯ ಚೆಂಡು ಕೊಟ್ಟರೆ ಕಾಲು ನೋಯುತ್ತದೆ, 4ನೇ ಅಳತೆಯದು ಕೊಡಬೇಕು ಎಂಬಲ್ಲಿಂದ ಪಾಠ ಶುರು. ಹೆಣ್ಣುಮಕ್ಕಳಿಗೆ ಮೊಣಕಾಲಿನ ಒಳಗಿನ ರಜ್ಜು ಹರಿಯುವ ಅಪಾಯ ಗಂಡುಮಕ್ಕಳಿಗಿಂತ ಹೆಚ್ಚು. ಜಿಗಿದು ಇಳಿಯುವಾಗ ಮೊಣಕಾಲು ಒಳಕ್ಕೆ ವಾಲದ ಹಾಗೆ ಇಳಿಯುವುದನ್ನು ಕಲಿಸಬೇಕು. ಅದಕ್ಕೆಂದೇ ಫಿಫಾ ಒಂದು ವ್ಯಾಯಾಮದ ಕ್ರಮ ಮಾಡಿದೆ. ಇಪ್ಪತ್ತು ನಿಮಿಷ ಸಾಕು, ಯಾವ ಉಪಕರಣವೂ ಬೇಡ. ನಾನು ನನ್ನ ಶಾಲೆಯಲ್ಲಿ ಚೆಂಡು ಮುಟ್ಟುವ ಮೊದಲು ಅದನ್ನೇ ಮಾಡಿಸುವುದು. ಮಕ್ಕಳು ‘ಅಕ್ಕೋರೇ, ಚೆಂಡು ಯಾವಾಗ ಕೊಡ್ತ್ರಿ?’ ಎಂದು ಗೋಗರೆಯುತ್ತಾರೆ. ಕೊಡುತ್ತೇನೆ, ಮೊದಲು ಮೊಣಕಾಲು ಎಂದು ಹೇಳುತ್ತೇನೆ.

ಈಗ ನಮ್ಮ ಶಾಲೆಯ ವಿಷಯಕ್ಕೆ ಬರುತ್ತೇನೆ. ನಾನು ಇಲ್ಲಿ ಓದುವಾಗ ಹುಡುಗರಿಗೆ ಕಬಡ್ಡಿ, ವಾಲಿಬಾಲ್. ನಮಗೆ ಥ್ರೋಬಾಲ್, ಖೋಖೋ. ಗದ್ದೆ ಕೊಯ್ಲಾದ ಮೇಲೆ ಹುಡುಗರು ಗದ್ದೆಯಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ನಾವು ದನ ಹೊಡೆದುಕೊಂಡು ಹೋಗುವಾಗ ಅಂಚಿನಲ್ಲಿ ನಿಂತು ನೋಡುತ್ತಿದ್ದೆವು. ನಾನು ಆ ಚೆಂಡನ್ನು ಮೊದಲು ಒದ್ದದ್ದು ಕಾರವಾರದಲ್ಲಿ ಕಾಲೇಜು ಸೇರಿದ ಮೇಲೆ, ಹದಿನೇಳು ದಾಟಿತ್ತು. ದೊಡ್ಡ ಆಟಗಾರ್ತಿಯಾಗಲು ಅದು ತಡವಾದ ವಯಸ್ಸು. ಆಡಿಸುವವಳಾಗಲು ತಡವಾಗಲಿಲ್ಲ.

ಇಪ್ಪತ್ತೆರಡು ವರ್ಷದಲ್ಲಿ ನಾನು ಕಂಡದ್ದು ಇಷ್ಟು. ಎಂಟನೇ ತರಗತಿಗೆ ಬಂದ ಹುಡುಗಿಯರು ಹುಡುಗರಿಗೆ ಸಮವಾಗಿ ಓಡುತ್ತಾರೆ. ಒಂಬತ್ತಕ್ಕೆ ಅರ್ಧದಷ್ಟು ಮಂದಿ ಬದಿಗೆ ಸರಿಯುತ್ತಾರೆ. ಹತ್ತಕ್ಕೆ ಬೆರಳೆಣಿಕೆ. ಕಾರಣ ಕೇಳಿದರೆ ಯಾರೂ ಆಟ ಬೇಡ ಅನ್ನುವುದಿಲ್ಲ. ಬಟ್ಟೆ ಬದಲಿಸಲು ಜಾಗವಿಲ್ಲ. ತಿಂಗಳ ದಿನಗಳಲ್ಲಿ ಹೋಗಲು ನೀರಿರುವ ಶೌಚಾಲಯ ಮೈದಾನದ ಹತ್ತಿರ ಇಲ್ಲ. ಸಂಜೆಯ ಬಸ್ಸು ತಪ್ಪಿದರೆ ಮುಂದಿನ ಬಸ್ಸು ಕತ್ತಲಾದ ಮೇಲೆ. ಬಿಸಿಲಿಗೆ ಕಪ್ಪಾಗುತ್ತಾಳೆ ಎಂದು ಅಜ್ಜಿ ಬೈಯುತ್ತಾರೆ. ಹತ್ತನೆಯ ತರಗತಿ, ಪರೀಕ್ಷೆ ಹತ್ತಿರ. ಒಂದೊಂದೂ ಸಣ್ಣ ಕಾರಣ. ಎಲ್ಲ ಸೇರಿದಾಗ ಒಬ್ಬ ಹುಡುಗಿಯ ಆಟ ಹದಿನಾಲ್ಕಕ್ಕೇ ಮುಗಿಯುತ್ತದೆ.

ನನ್ನ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಳು, ಹೆಸರು ಬೇಡ. ತಾಯಿ ಬೆಳಿಗ್ಗೆ ಬುಟ್ಟಿ ಹೊತ್ತು ಮೀನು ಮಾರುವವರು. ಮಗಳ ಎಡಗಾಲಿನಲ್ಲಿ ಚೆಂಡು ಅಂಟಿಕೊಂಡ ಹಾಗೆ ಇರುತ್ತಿತ್ತು. ಒಂಬತ್ತನೆಯ ತರಗತಿಯಲ್ಲಿ ಬರುವುದು ನಿಲ್ಲಿಸಿದಾಗ ನಾನು ಮನೆಗೆ ಹೋದೆ. ತಾಯಿ ಹೇಳಿದರು: ‘ಅಕ್ಕೋರೇ, ನೀವು ಸಂಜಿಗೆ ಅವಳ ಸಂಗ್ತಿಗೆ ಇರ್ತ್ರಿ ಅಂದ್ರೆ ಕಳಿಸ್ತೆ. ಬರೇ ಗಂಡಸರೇ ಇದ್ರೆ ಹೆಂಗೆ ಕಳಿಸುದು?’ ಅವರ ಮಾತಿನಲ್ಲಿ ಆಟದ ಮೇಲೆ ಸಿಟ್ಟು ಇರಲಿಲ್ಲ. ಮೈದಾನದಲ್ಲಿ ಒಬ್ಬ ಹೆಂಗಸು ಇರಬೇಕು ಎಂಬುದಷ್ಟೇ ಆ ತಾಯಿಯ ಷರತ್ತು. ಆ ಹುಡುಗಿ ಮತ್ತೆ ಬಂದಳು, ಹತ್ತನೆಯ ತರಗತಿ ಮುಗಿಯುವ ತನಕ ಆಡಿದಳು. ಈಗ ಅವಳು ದೈಹಿಕ ಶಿಕ್ಷಣದ ಪದವಿ ಓದುತ್ತಿದ್ದಾಳೆ. ನಾಳೆ ಯಾವುದೋ ಊರಿನ ಮೈದಾನದಲ್ಲಿ ಇನ್ನೊಬ್ಬ ತಾಯಿಗೆ ಆ ಧೈರ್ಯ ಅವಳಿಂದ ಸಿಗುತ್ತದೆ.

ಮೈದಾನದ ಮಾತು ಬಂತು. ಇದನ್ನು ಹೇಳಲು ಸ್ವಲ್ಪ ದೂರದ ಇಂಗ್ಲೆಂಡಿಗೆ ಹೋಗಿ ಬರುತ್ತೇನೆ. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನಲ್ಲಿ ಕಾರ್ಖಾನೆಯ ಕೆಲಸಗಾರ್ತಿಯರ ಒಂದು ತಂಡದ ಆಟ ನೋಡಲು 53,000 ಜನ ಸೇರಿದ್ದರು. ಮರುವರ್ಷವೇ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಒಂದು ಆದೇಶ ಹೊರಡಿಸಿತು. ಹೆಂಗಸರು ಆಡಬಾರದು ಎಂದು ನೇರವಾಗಿ ಹೇಳುವ ಬದಲು, ಕ್ಲಬ್ಬುಗಳು ಅವರಿಗೆ ಮೈದಾನ ಕೊಡಬಾರದು ಎಂದಿತು. ಅಷ್ಟು ಸಾಕಾಯಿತು. ಆ ನಿಷೇಧ ತೆಗೆಯಲು 1971 ಬರಬೇಕಾಯಿತು. ಐವತ್ತು ವರ್ಷ! ನಾವು ಇಂದು ಸಂಭ್ರಮಿಸುತ್ತಿರುವಷ್ಟೇ ವರ್ಷ. ಮೈದಾನ ಹೋದರೆ ಆಟ ಹೋಗುತ್ತದೆ, ಬೇರೆ ಕಾನೂನು ಬೇಕಿಲ್ಲ.

ಸುವರ್ಣ ಮಹೋತ್ಸವದ ನಿಧಿಯಿಂದ ಒಂದು ಮಹಾದ್ವಾರ, ಮೈದಾನದ ಮೂಡಣ ಬದಿಗೆ ಒಂದು ಸಭಾಭವನ ಕಟ್ಟುವ ಯೋಚನೆ ಇದೆ ಎಂದು ಕೇಳಿದೆ. ಸಭಾಭವನ ಬೇಡ ಎಂದು ಹೇಳುವಷ್ಟು ದೊಡ್ಡವಳು ನಾನಲ್ಲ. ಮಳೆಗಾಲದಲ್ಲಿ ಈ ಊರಿಗೆ ಅದರ ಅಗತ್ಯವಿದೆ. ಆದರೆ ಒಂದು ಅಳತೆ ಹೇಳುತ್ತೇನೆ. ಹನ್ನೊಂದು ಜನರ ಫುಟ್‌ಬಾಲಿಗೆ ಕನಿಷ್ಠ 90 ಮೀಟರ್ ಉದ್ದ, 45 ಮೀಟರ್ ಅಗಲ ಬೇಕು. ನಿನ್ನೆ ಸಂಜೆ ನಾನು ಹೆಜ್ಜೆ ಹಾಕಿ ನೋಡಿದೆ. ನಮ್ಮ ಮೈದಾನ ಈಗ ಆ ಅಳತೆಗೆ ಸರಿಯಾಗಿ ಸಾಲುತ್ತದೆ. ಮೂಡಣ ಬದಿಯಲ್ಲಿ ಇಪ್ಪತ್ತು ಮೀಟರ್ ಹೋದರೆ ಸಾಲುವುದಿಲ್ಲ. ಹಳೆಯ ಕಟ್ಟಡದ ಹಿಂದೆ, ಗೇರುಮರಗಳ ಆಚೆ ಜಾಗವಿದೆ. ಅಲ್ಲಿ ಕಟ್ಟಬಹುದೇ ಎಂದು ಹಿರಿಯರು ಒಮ್ಮೆ ಯೋಚಿಸಬೇಕು ಎಂದು ಕೈಮುಗಿದು ಕೇಳುತ್ತೇನೆ.

ಇನ್ನೆರಡು ಕೋರಿಕೆಗಳಿವೆ. ಒಂದು, ಮೈದಾನದ ಬದಿಗೆ ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸುವ ಒಂದು ಕೋಣೆ, ನೀರಿರುವ ಶೌಚಾಲಯ. ಮಹಾದ್ವಾರದ ಖರ್ಚಿಗಿಂತ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಇನ್ನೊಂದು, ವಾರಕ್ಕೆ ಮೂರು ಸಂಜೆ ಒಂದೊಂದು ತಾಸು ಹುಡುಗಿಯರಿಗೆ ಮಾತ್ರ ಮೈದಾನ. ಆ ಹೊತ್ತಿಗೆ ಒಬ್ಬ ಹೆಣ್ಣುಮಗಳು ಅಲ್ಲಿ ಇರಬೇಕು. ಅದಕ್ಕೊಂದು ಸಣ್ಣ ಗೌರವಧನ ನಿಧಿಯಿಂದ ಕೊಡಿ. ಈ ಶಾಲೆಯಲ್ಲೇ ಆಡಿ, ಮದುವೆಯಾಗಿ ಇದೇ ಊರಿನಲ್ಲಿರುವ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಮುಂದೆ ಬಂದರೆ, ಡಿ ಲೈಸೆನ್ಸ್ ತರಗತಿಗೆ ಕಳಿಸುವ ಖರ್ಚನ್ನು ನನ್ನ ಬ್ಯಾಚಿನವರು ಹೊರುತ್ತೇವೆ. ಈ ಮಾತನ್ನು ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ಎಲ್ಲರೂ ಸೇರಿ ನಿಶ್ಚಯ ಮಾಡಿದ್ದೇವೆ. ರವಿವಾರಗಳಲ್ಲಿ ನಾನು ಕಾರವಾರದಿಂದ ಬಂದು ಹೋಗುತ್ತೇನೆ, ಬಸ್ಸಿನ ದುಡ್ಡು ನನ್ನದೇ.

ಇಲ್ಲಿಂದ ನಾಳೆಯೇ ಒಬ್ಬ ಮೇಮೋಲ್ ರಾಕಿ ಹುಟ್ಟುತ್ತಾಳೆ ಎಂದು ನಾನು ಹೇಳುವುದಿಲ್ಲ. ತಮಿಳುನಾಡಿನ ಕಡಲೂರು ನಮ್ಮ ಹಾಗೇ ಸಮುದ್ರದ ದಂಡೆಯ ಊರು, 2004ರಲ್ಲಿ ಸುನಾಮಿಯ ಹೊಡೆತ ತಿಂದ ಊರು. ಅಲ್ಲಿಂದ ಇಂದುಮತಿ ಕದಿರೇಸನ್, ಸಂಧ್ಯಾ ರಂಗನಾಥನ್ ಭಾರತ ತಂಡದ ತನಕ ಹೋದರು. ಅವರೂ ಒಂದು ದಿನ ಯಾವುದೋ ಮೈದಾನದಲ್ಲಿ, ಯಾರದೋ ಕಣ್ಣೆದುರು ಮೊದಲ ಬಾರಿ ಚೆಂಡು ಒದ್ದವರೇ. ನಮ್ಮ ಹುಡುಗಿಯರು ದೇಶಕ್ಕೆ ಆಡದಿದ್ದರೂ ಚಿಂತೆಯಿಲ್ಲ. ಹತ್ತನೆಯ ತರಗತಿಯ ತನಕ ಮೈದಾನದಲ್ಲಿ ಉಳಿದರೆ, ಮುಂದೆ ತಮ್ಮ ಹೆಣ್ಣುಮಕ್ಕಳನ್ನು ಮೈದಾನಕ್ಕೆ ಕಳಿಸುವ ತಾಯಂದಿರಾಗುತ್ತಾರೆ. ಅವರಲ್ಲಿ ಒಬ್ಬಳು ಸೀಟಿ ಹಿಡಿದರೆ ನೂರು ಮಕ್ಕಳಿಗೆ ದಾರಿ.

ಮಕ್ಕಳೇ, ವಿಶೇಷವಾಗಿ ಹುಡುಗಿಯರೇ, ಗುರುವಾರ ಸಂಜೆ ನಾಲ್ಕೂವರೆಗೆ ಮುಖ್ಯಾಧ್ಯಾಪಕರ ಅಪ್ಪಣೆ ಪಡೆದು ಎರಡು ಚೆಂಡು ಇಟ್ಟು ಹೋಗುತ್ತೇನೆ. 4ನೇ ಅಳತೆಯವು. ಪಂಪು ಆಫೀಸಿನಲ್ಲಿದೆ.